ಇಳಿಜಾರಿನಲ್ಲಿ ನಿಲ್ಲಿಸಿದ ಟ್ರ್ಯಾಕ್ಟರು
(ಸೊನ್ನದಲ್ಲಿ ಹಾಲು ಉತ್ಪಾದಕ ಸದಸ್ಯರಿಗೆ ನೀಡಿದ ಉಪನ್ಯಾಸದ ಬರಹರೂಪ)



ದನದ ಡಾಕ್ಟರು ಬ್ರೇಕಿನ ಬಗ್ಗೆ ಏಕೆ ಮಾತಾಡುತ್ತಾರೆಂದು ನೀವು ಕೇಳಬಹುದು. ಕೆಲವು ವರ್ಷಗಳ ಹಿಂದೆ ಹೊಳೆದಂಡೆಯ ಒಂದು ಹಳ್ಳಿಯಿಂದ ನನಗೆ ಕರೆ ಬಂತು. ಕಣಿಕೆ ತುಂಬಿದ ಟ್ರೇಲರಿನೊಡನೆ ಸಣ್ಣ ಟ್ರ್ಯಾಕ್ಟರನ್ನು ಏರಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಯಜಮಾನರು ಚಹಾಕ್ಕೆ ಹೋಗಿದ್ದರು. ಗಾಡಿ ಹಿಂದಕ್ಕೆ ಉರುಳಿ, ಕೆಳಗೆ ಕಟ್ಟಿದ್ದ ಗಬ್ಬದ ಎಮ್ಮೆಯ ತೊಡೆಮೂಳೆ ಮುರಿದಿತ್ತು. ಅಷ್ಟು ಭಾರದ ಪ್ರಾಣಿಯಲ್ಲಿ ಆ ಮೂಳೆ ಕೂಡುವುದು ಅಪರೂಪ. ಎಮ್ಮೆ ಉಳಿಯಲಿಲ್ಲ. ತುಸು ಮುಂಚೆ ಅಲ್ಲೇ ಮಕ್ಕಳು ಆಡುತ್ತಿದ್ದರಂತೆ.

ನಮ್ಮದು ಸಪಾಟಾದ ಎರೆಭೂಮಿ, ಇಳಿಜಾರು ಎಲ್ಲಿದೆ ಎನ್ನಬೇಡಿ. ಭೀಮಾ ನದಿಗೆ ಇಳಿಯುವ ದಾರಿ, ಹಳ್ಳದ ದಂಡೆ ಸಾಕು.

ಬ್ರೇಕ್ ಹಾಕಿದ್ದೆವೆಂದು ಅವರು ಹೇಳಿದ್ದು ಸುಳ್ಳಲ್ಲ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಪಾರ್ಕಿಂಗ್ ಬ್ರೇಕ್ ಎಂಬುದು ಬೇರೆ ಬ್ರೇಕಲ್ಲ. ಒತ್ತಿದ ಪೆಡಲನ್ನು ಹಲ್ಲಿನ ಕೊಕ್ಕೆಯಿಂದ ಹಿಡಿದಿಡುವ ಏರ್ಪಾಡು, ಅಷ್ಟೆ. ಪೆಡಲು ಎರಡು, ಎಡಗಾಲಿಗೊಂದು, ಬಲಗಾಲಿಗೊಂದು. ಹೊಲದಲ್ಲಿ ತಿರುಗಿಸಲು ಅವುಗಳ ಜೋಡುಪಟ್ಟಿ ಬಿಚ್ಚುತ್ತೀರಿ, ಮತ್ತೆ ಹಾಕುವುದನ್ನು ಮರೆಯುತ್ತೀರಿ. ಆಗ ಒಂದೇ ಗಾಲಿ ಬಿಗಿಯಾಗುತ್ತದೆ. ಅಂದು ನಾನು ನೋಡಿದಾಗ ಆ ಪಟ್ಟಿ ಬಿಚ್ಚಿಯೇ ಇತ್ತು. ಕೊಕ್ಕೆಯ ಹಲ್ಲು ಸವೆದರೂ, ಎರಡು ಪೆಡಲಿನ ಆಟ ಸಮ ಇಲ್ಲದಿದ್ದರೂ, ಒಣ ಬ್ರೇಕಿನೊಳಗೆ ಸೀಲಿನಿಂದ ಎಣ್ಣೆ ಜಿನುಗಿದರೂ ಇದೇ ಗತಿ. ಇವು ಮೆಕ್ಯಾನಿಕನ ಕೆಲಸ, ಮುಂದೂಡಬೇಡಿ. ಟ್ರೇಲರಿಗೆ ಬ್ರೇಕ್ ಇಲ್ಲದಿದ್ದರೆ ಅದರ ಭಾರವನ್ನೆಲ್ಲ ಟ್ರ್ಯಾಕ್ಟರೇ ತಡೆಯಬೇಕು.

ಆದ್ದರಿಂದ ಸಮತಟ್ಟಿನಲ್ಲೇ ನಿಲ್ಲಿಸಿ. ಆಗದಿದ್ದರೆ ಪಟ್ಟಿ ಜೋಡಿಸಿ ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಮೂತಿ ಏರಿಗಿದ್ದರೆ ಲೋ ಒಂದನೇ ಗೇರು, ಇಳಿಜಾರಿಗಿದ್ದರೆ ರಿವರ್ಸ್ ಗೇರು ಹಾಕಿ. ಗೇರೊಂದನ್ನೇ ನಂಬಬೇಡಿ, ಮಗು ಹತ್ತಿ ಕ್ಲಚ್ ಒತ್ತಿದರೆ ಮುಗಿಯಿತು. ಗಾಲಿಗಳ ಇಳಿಜಾರಿನ ಕಡೆಗೆ ಕಟ್ಟಿಗೆಯ ಬೆಣೆ ಕೊಡಿ. ದುಂಡುಕಲ್ಲು ಬೇಡ, ಅದೂ ಉರುಳುತ್ತದೆ. ಟ್ರೇಲರ್ ಕಳಚುವ ಮುನ್ನ ಅದರ ಗಾಲಿಗೂ ಬೆಣೆ ಇರಲಿ.

ಇನ್ನು ಮೇವು ಕತ್ತರಿಸುವ ಯಂತ್ರ. ಅದನ್ನು ಪಿ.ಟಿ.ಓ.ಗೆ ಜೋಡಿಸಿ ಓಡಿಸುವಾಗ ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿರುತ್ತದೆ, ಗೇರಿನ ಆಸರೆ ಇಲ್ಲ. ಜೊತೆಗೆ ಎಂಜಿನ್ನಿನ ನಡುಕಕ್ಕೆ ಸವೆದ ಕೊಕ್ಕೆ ಜಾರಬಹುದು. ಮುಂದೆ ಮೇವು ತುರುಕುತ್ತ ನಿಂತವರು ನಿಮ್ಮ ಮನೆಯವರೇ. ಈ ಕೆಲಸ ಇಳಿಜಾರಿನಲ್ಲಿ ಬೇಡವೇ ಬೇಡ.

ದನವನ್ನು ಟ್ರ್ಯಾಕ್ಟರಿಗೆ ಕಟ್ಟಬೇಡಿ, ಅದರ ಕೆಳಮಗ್ಗುಲಿಗೂ ಕಟ್ಟಬೇಡಿ.

ಹೊರಗೆ ನಿಮ್ಮ ಟ್ರ್ಯಾಕ್ಟರುಗಳು ನಿಂತಿವೆ. ಎಷ್ಟರಲ್ಲಿ ಪಟ್ಟಿ ಹಾಕಿದೆಯೆಂದು ಈಗಲೇ ನೋಡೋಣ, ಬನ್ನಿ.