ನರ್ಸರಿಯ ವಿಷ್ಣುಕ್ರಾಂತಿ ನಮ್ಮ ವಿಷ್ಣುಕ್ರಾಂತಿ ಅಲ್ಲ

ಇವತ್ತು ಒಂದು ನೀಲಿ ಹೂವಿನ ಗಿಡದ ಬಗ್ಗೆ ಮಾತಾಡೋಣ. ಅಪಾರ್ಟ್‌ಮೆಂಟ್ ಗೇಟಿನ ಪಕ್ಕ, ತಾರಸಿಯ ತೂಗುಕುಂಡದಲ್ಲಿ ನೀವು ಇದನ್ನ ನೋಡಿರ್ತೀರಿ. ನೆಲ ಮುಚ್ಚೋ ಹಾಗೆ ಹಬ್ಬುತ್ತೆ, ಎಲೆ ಮೇಲೆ ಬೂದುಬಣ್ಣದ ನವಿರು ರೋಮ, ಬೆಳಿಗ್ಗೆ ಹೊತ್ತು ಮೈತುಂಬ ನೀಲಿ ಹೂವು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುತ್ತೆ. ನರ್ಸರಿಯಲ್ಲಿ ಕೆಲವರು ಬ್ಲೂ ಡೇಜ್ ಅಂತಾರೆ, ಕೆಲವರು ವಿಷ್ಣುಕ್ರಾಂತಿ ಅಂತಾರೆ. ತೊಂದರೆ ಶುರುವಾಗೋದು ಈ ಎರಡನೇ ಹೆಸರಿನಿಂದ.

ಯಾಕಂದ್ರೆ ವಿಷ್ಣುಕ್ರಾಂತಿ ಔಷಧಿ ಗಿಡ. ಹಾಗಾಗಿ ಪರೀಕ್ಷೆ ಹತ್ತಿರ ಬಂದಾಗೆಲ್ಲ ನನಗೊಂದು ಪ್ರಶ್ನೆ ಬರುತ್ತೆ: "ಮೇಡಂ, ಇದರ ಎಲೆ ಅರೆದು ಹಾಲಲ್ಲಿ ಕೊಟ್ಟರೆ ಮಕ್ಕಳ ಜ್ಞಾಪಕಶಕ್ತಿ ಹೆಚ್ಚುತ್ತಂತೆ, ಕೊಡಬಹುದಾ?"

ದಯವಿಟ್ಟು ಕೊಡಬೇಡಿ. ನಿಮ್ಮ ಕುಂಡದಲ್ಲಿರೋದು ಬ್ರೆಜಿಲ್ ಮೂಲದ ಅಲಂಕಾರಿಕ ಗಿಡ. ಸಸ್ಯಶಾಸ್ತ್ರದ ಹೆಸರು ಎವೊಲ್ವುಲಸ್ ಗ್ಲೊಮೆರಾಟಸ್. ಆಯುರ್ವೇದದವರು ಹೇಳೋ ವಿಷ್ಣುಕ್ರಾಂತಿ ಎವೊಲ್ವುಲಸ್ ಆಲ್ಸಿನಾಯ್ಡಿಸ್. ಅದು ನಮ್ಮ ಬಯಲುಸೀಮೆಯ ಕಲ್ಲುನೆಲದಲ್ಲಿ, ಹುಲ್ಲಿನ ನಡುವೆ ತಾನಾಗೇ ಬೆಳೆಯುತ್ತೆ. ಕೇರಳದ ದಶಪುಷ್ಪಗಳಲ್ಲಿ ಒಂದು. ಎರಡೂ ಒಂದೇ ಮನೆತನದವು, ಒಪ್ತೀನಿ. ಆದರೆ ದಾಯಾದಿಯ ಗುಣ ಇವನಿಗೂ ಇರಲೇಬೇಕು ಅಂತೇನಿಲ್ಲವಲ್ಲ. ಸಾಲದ್ದಕ್ಕೆ ಕುಂಡದ ಗಿಡಕ್ಕೆ ಕೀಟನಾಶಕ ಏನೇನು ಹೊಡೆದಿರ್ತಾರೋ!

ಗುರುತು ಹಿಡಿಯೋದು ಕಷ್ಟವಲ್ಲ. ಹೂವಿನ ತೊಟ್ಟು ನೋಡಿ. ನಮ್ಮ ವಿಷ್ಣುಕ್ರಾಂತಿಯ ತೊಟ್ಟು ಕೂದಲೆಳೆಯಂತೆ ತೆಳ್ಳಗೆ, ಉದ್ದ. ಅದರ ತುದಿಯಲ್ಲಿ ಅಂಗಿಗುಂಡಿಗಿಂತ ಚಿಕ್ಕ ಹೂವು, ತಿಳಿನೀಲಿ. ಬ್ಲೂ ಡೇಜ್‌ನಲ್ಲಿ ಕೊಂಬೆಯ ತುದಿಗೆ ಮೊಗ್ಗು ಗುಂಪುಗುಂಪಾಗಿ ಅಂಟಿಕೊಂಡಿರುತ್ತೆ, ಹೂವು ಸುಮಾರು 2 ಸೆಂಟಿಮೀಟರ್ ಅಗಲ.

ಇದರ ಜೊತೆ ಶಂಖಪುಷ್ಪಿಯ ಗೊಂದಲ ಬೇರೆ. ಉತ್ತರದಲ್ಲಿ ಆ ಹೆಸರಿಗೆ ಕನ್ವಾಲ್ವುಲಸ್ ಜಾತಿಯ ಇನ್ನೊಂದು ಗಿಡ. ಕೇರಳದಲ್ಲಿ ನಾವೆಲ್ಲ ಬೇಲಿಗೆ ಹಬ್ಬಿಸೋ ಶಂಖಪುಷ್ಪದ ಬಳ್ಳಿ. ಕೆಲವು ಕಡೆ ವಿಷ್ಣುಕ್ರಾಂತಿಯನ್ನೇ ಹಾಗೆ ಕರೀತಾರೆ. ಅಂದಮೇಲೆ ಅಂತರ್ಜಾಲದಲ್ಲಿ ಹೆಸರು ಹುಡುಕಿ ಔಷಧಿ ಮಾಡ್ಕೊಳ್ಳೋದು ಎಷ್ಟು ಸರಿ? ಮದ್ದು ಬೇಕಿದ್ರೆ ವೈದ್ಯರ ಹತ್ತಿರ ಹೋಗಿ.

ತೋಟಕ್ಕೆ ಮಾತ್ರ ಬ್ಲೂ ಡೇಜ್ ಖಂಡಿತ ತನ್ನಿ, ನನಗಂತೂ ಬಹಳ ಇಷ್ಟದ ಗಿಡ. ಎವೊಲ್ವುಲಸ್ ಅನ್ನೋ ಹೆಸರಿಗೆ ಲ್ಯಾಟಿನ್‌ನಲ್ಲಿ ಸುತ್ತು ಬಿಚ್ಚಿಕೊಳ್ಳುವುದು ಅಂತ ಅರ್ಥ. ಇದು ಬಳ್ಳಿಯ ಹಾಗೆ ಯಾವುದಕ್ಕೂ ಸುತ್ತಿಕೊಳ್ಳಲ್ಲ, ಹಾಗಾಗಿ ಕೋಲು ಊರೋದು ದಂಡ. ಚೆನ್ನಾಗಿ ಬಿಸಿಲು ಬೀಳೋ ಜಾಗ ಕೊಡಿ. ನೀರು ನಿಂತರೆ ಬೇರು ಕೊಳೆಯುತ್ತೆ, ಆದ್ದರಿಂದ ಮೇಲ್ಮಣ್ಣು ಒಣಗಿದ ಮೇಲಷ್ಟೇ ನೀರು ಹಾಕಿ. ತುದಿ ಚಿವುಟಿದರೆ ಒತ್ತಾಗಿ ಹಬ್ಬುತ್ತೆ, ಚಿವುಟಿದ ತುಂಡನ್ನೇ ಒದ್ದೆ ಮರಳುಮಣ್ಣಿಗೆ ನೆಟ್ಟರೆ ಇನ್ನೊಂದು ಗಿಡ.

ಒಂದು ಹೂವಿಗೆ ಒಂದೇ ದಿನದ ಆಯಸ್ಸು, ಅದೂ ಮಧ್ಯಾಹ್ನ ದಾಟುತ್ತಿದ್ದಂತೆ ಮುದುಡಿಕೊಳ್ಳುತ್ತೆ. ಸಂಜೆ ಏಳಕ್ಕೆ ಆಫೀಸಿಂದ ಬಂದು "ಹೂವೇ ಬಿಡ್ತಿಲ್ಲ" ಅನ್ನೋರು ಭಾನುವಾರ ಬೆಳಿಗ್ಗೆ ಒಮ್ಮೆ ನೋಡಿ.