ಅವ್ವನ ಪದ ಉಳಿಯಬೇಕಾದರೆ



ಅವ್ವ ಹಾಡುತ್ತಿದ್ದ ಬೀಸುವ ಪದಗಳನ್ನು ಹಿಂದೆ ಕಂಪ್ಯೂಟರಿನಲ್ಲಿ ಟೈಪು ಮಾಡಿಟ್ಟಿದ್ದೆ. ಅವ್ವ ತೀರಿಕೊಂಡ ಮೇಲೆ ಮೊಬೈಲಿನಲ್ಲಿ ಆ ಫೈಲು ತೆರೆದರೆ ಕನ್ನಡವೇ ಇಲ್ಲ. ಬರೀ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು. ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸುತ್ತಿದ್ದವು. ಆ ಫಾಂಟ್ ಇಲ್ಲದ ಕಡೆ ಕನ್ನಡ ಕಾಣುವುದಿಲ್ಲ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಇದೆ. ‘ಅ’ ಎಂದರೆ ಎಲ್ಲ ಕಡೆಯೂ 3205.

ಪರಿವರ್ತಕ ತಂತ್ರಾಂಶದಿಂದ ನನ್ನ ಪದಗಳು ಮರಳಿ ಬಂದವು. ಆದರೆ ಕೆಲವು ಒತ್ತಕ್ಷರ ಕೆಟ್ಟಿದ್ದವು. ಕೇಳಿ ತಿದ್ದೋಣವೆಂದರೆ ಅವ್ವ ಇಲ್ಲ.

ಮಕ್ಕಳೇ, ‘ನುಡಿ’ಯಲ್ಲಾಗಲಿ ‘ಬರಹ’ದಲ್ಲಾಗಲಿ ಯೂನಿಕೋಡ್ ಆರಿಸಿಕೊಂಡೇ ಬರೆಯಿರಿ. ಹಾಗೆ ಬರೆದದ್ದನ್ನು ಬ್ಲಾಗಿಗೆ ಹಾಕಬಹುದು; ಪೈಥಾನ್ ಕಲಿತರೆ ಅದರಲ್ಲಿನ ಪದಗಳನ್ನು ಎಣಿಸಬಹುದು, ಹುಡುಕಬಹುದು. ‘ವಚನ ಸಂಚಯ’ದಲ್ಲಿ ಒಂದು ಪದ ಕೊಟ್ಟು ಅದು ಬಂದ ವಚನಗಳನ್ನು ಹುಡುಕಲು ಆಗುವುದೂ ಇದರಿಂದಲೇ. ಸಂಶೋಧನೆ ಮಾಡುವವರು ‘ಜೊಟೆರೊ’ ಇಟ್ಟುಕೊಳ್ಳಿ. ಓದಿದ ಪುಸ್ತಕ, ಲೇಖನಗಳ ವಿವರವನ್ನು ಅದು ಜೋಡಿಸಿಡುತ್ತದೆ, ಉಚಿತವಾಗಿ ಸಿಗುತ್ತದೆ.

ಇವತ್ತು ಮನೆಗೆ ಹೋಗಿ ಅಜ್ಜಿಯಿಂದ ಒಂದು ಪದ ಹೇಳಿಸಿ ಬರೆದುಕೊಳ್ಳಿ. ಬರೆದದ್ದನ್ನು ಅವರಿಗೇ ಓದಿ ಹೇಳಿ, ತಿದ್ದಿಸಿಕೊಳ್ಳಿ.