ಜಯಂತಿಯ ಋಣ



ನಾಡಿಗೊಬ್ಬ ಸಂತ, ಸಂತನಿಗೊಂದು ದಿನ ಎಂಬ ರೂಢಿ ಅನೇಕ ದೇಶಗಳಲ್ಲುಂಟು. ಐರ್ಲೆಂಡಿನವರು ಮಾರ್ಚ್ 17ರಂದು ಸಂತ ಪ್ಯಾಟ್ರಿಕ್‌ನನ್ನು ಸ್ಮರಿಸುತ್ತಾರೆ. ಆತ ಹುಟ್ಟಿದ್ದು ಬ್ರಿಟನ್ನಿನಲ್ಲಿ; ಐರ್ಲೆಂಡಿಗೆ ಮೊದಲು ಬಂದದ್ದು ಸೆರೆಯಾಳಾಗಿ. ಜನರನ್ನು ಹಿಡಿದು ಮಾರುವವರನ್ನು ಖಂಡಿಸಿ ಆತ ಬರೆದ ಪತ್ರ ಇಂದಿಗೂ ಉಳಿದಿದೆ. ಮೆರವಣಿಗೆಯಲ್ಲಿ ಎದ್ದು ಕಾಣುವುದು ಮಾತ್ರ ಹಸಿರು ಉಡುಪು, ಆ ಪತ್ರವಲ್ಲ.

ನಮ್ಮಲ್ಲಿಯೂ ಹಾಗೆಯೇ. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿಸಿದರು. 2024ರಲ್ಲಿ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಇದೇ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಜನ್ಮದಿನ, ಡಿಸೆಂಬರ್ 29, ಈಗ ವಿಶ್ವಮಾನವ ದಿನ. ಕೋಣಂದೂರಿನಂಥ ಮಲೆನಾಡಿನ ಊರಿಗೂ ಭಾವಚಿತ್ರ, ಹೂಮಾಲೆ, ಭಾಷಣಗಳು ಅಪರಿಚಿತವಲ್ಲ. ಅದರಲ್ಲಿ ದೋಷವಿಲ್ಲ, ಮರೆವಿಗೆ ಆಚರಣೆಯೇ ಮದ್ದು. ಆದರೆ ಮಹಾತ್ಮರನ್ನು ಜಾತಿಗೊಬ್ಬರಂತೆ ಹಂಚಿಕೊಂಡರೆ ಮದ್ದೇ ರೋಗವಾದೀತು.

ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತೆಂದೂ, ಅದಕ್ಕಾಗಿ ಆ ತಂದೆಯರಿಬ್ಬರೂ ಪ್ರಾಣ ತೆತ್ತರೆಂದೂ ಪರಂಪರೆ ಹೇಳುತ್ತದೆ. ಜಯಂತಿ ನಮ್ಮ ಮೇಲೆ ಹೊರಿಸುವ ಋಣ ಇದೇ. ಭಾವಚಿತ್ರದ ಮೆರವಣಿಗೆ ಸಾಗಿದ ಬೀದಿಯಲ್ಲಿಯೇ ಮಾರನೆಯ ದಿನ ಅಂಥದೊಂದು ಮದುವೆಯ ದಿಬ್ಬಣ ಬಂದರೆ, ನಾವು ಎದುರುಗೊಂಡು ನೀರು ಬೆಲ್ಲ ಕೊಡುವೆವೋ, ಕದ ಮುಚ್ಚಿಕೊಳ್ಳುವೆವೋ? ಜಯಂತಿ ನಿಜವಾಗಿ ನಡೆಯಿತೋ ಇಲ್ಲವೋ ಎಂಬುದು ತಿಳಿಯುವುದು ಆ ಮಾರನೆಯ ದಿನ.